ಪಂಪು ನಿಂತ ಮೇಲೆ ಕಾಣುವ ತೂತು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಆಗಸ್ಟ್ ಹುಟ್ಟಿತೆಂದರೆ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಐಸು, ಡೀಸೆಲ್, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಹೊರಡಲು ನಿಲ್ಲುತ್ತವೆ. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಬೋಟಿನ ತಳಭಾಗಕ್ಕೆ ಹಾನಿಯಾಗಿ ನೀರು ನುಗ್ಗಿತು, ಬೋಟು ಮುಳುಗಿತು, ಹತ್ತಿರದಲ್ಲಿದ್ದ ಬೇರೆ ಬೋಟಿನವರು ಮೀನುಗಾರರನ್ನು ರಕ್ಷಿಸಿದರು, ನಷ್ಟ ಇಷ್ಟು ಲಕ್ಷ. ಆರೇಳು ಸಾಲಿನಲ್ಲಿ ಸುದ್ದಿ ಮುಗಿಯುತ್ತದೆ.

ಸುದ್ದಿ ಶುರುವಾಗುವುದು ನೀರು ನುಗ್ಗಿದಲ್ಲಿಂದ. ಬೋಟಿನ ಒಳಗೆ ಅದು ಬಹಳ ಮೊದಲೇ ಶುರುವಾಗಿರುತ್ತದೆ. ಬಂಡೆಗೆ ಬಡಿದು ಹಲಗೆ ಒಡೆದದ್ದು, ಇನ್ನೊಂದು ಬೋಟು ಬಂದು ಗುದ್ದಿದ್ದು, ಇವನ್ನು ಬಿಟ್ಟರೆ ನೀರು ಹಾಗೆ ಒಮ್ಮೆಲೇ ನುಗ್ಗುವುದು ಕಡಿಮೆ. ಅದು ಜಿನುಗುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ಇಡೀ ಋತು ಜಿನುಗುತ್ತಲೇ ಇರುತ್ತದೆ. ಇಂಜಿನ್ ರೂಮಿನ ತಳಕ್ಕೆ ಇಳಿದು ನಿಲ್ಲುತ್ತದೆ, ಬಿಲ್ಜ್ ಪಂಪು ಅದನ್ನೆತ್ತಿ ಹೊರಗೆ ಚೆಲ್ಲುತ್ತದೆ, ಬಲೆ ಎಳೆಯುವ ಕೆಲಸ ತನ್ನಷ್ಟಕ್ಕೆ ನಡೆಯುತ್ತದೆ. ಒಂದು ರಾತ್ರಿ ಪಂಪು ನಿಲ್ಲುತ್ತದೆ. ಸೋರಿಕೆ ಅಂದೇ ಹುಟ್ಟಿತೇನೋ ಎಂಬಂತೆ ಎಲ್ಲರೂ ಕೆಳಗೆ ಓಡುತ್ತಾರೆ. ಮೀನುಗಾರಿಕಾ ಬೋಟುಗಳ ಸುರಕ್ಷತೆಯ ಬಗ್ಗೆ ಎಷ್ಟೋ ಮಾತು ನಡೆಯುತ್ತದೆ. ಆದರೆ ಇದೊಂದನ್ನು ಗಟ್ಟಿಯಾಗಿ ಹೇಳುವವರು ಕಡಿಮೆ: ಚೆನ್ನಾಗಿ ಓಡುವ ಪಂಪು ಸೋರಿಕೆಯನ್ನು ಮುಚ್ಚಿಡುತ್ತದೆ. ತೂತು ಹುಡುಕಬೇಕಾದದ್ದು ಪಂಪು ಓಡುತ್ತಿರುವ ದಿನಗಳಲ್ಲೇ.

ಒಳಗೆ ನೀರು ಬಾರದ ಬೋಟು ಇಲ್ಲವೇ ಇಲ್ಲ ಎನ್ನಬಹುದು. ಡೆಕ್ಕಿನ ಮೇಲೆ ಬಲೆ ಜಾಡಿಸುವಾಗ ಬಿದ್ದ ನೀರು ಮುಚ್ಚಳದ ಸಂದಿಯಲ್ಲಿ ಇಳಿಯುತ್ತದೆ. ಮೀನಿನ ಸ್ಟೋರೇಜಿನಲ್ಲಿ ಐಸು ಕರಗುತ್ತದೆ. ಇಂಜಿನ್ ತಣಿಸುವ ಸಮುದ್ರದ ನೀರಿನ ಪೈಪಿನ ಜಾಯಿಂಟಿನಲ್ಲಿ ಹನಿ ಕಟ್ಟುತ್ತದೆ. ಶಾಫ್ಟಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಮರದ ಬೋಟಾದರೆ ಹಲಗೆಗಳ ಸಂದಿಯಿಂದಲೂ ಒಂದಿಷ್ಟು ಬರುತ್ತದೆ. ಈ ನಿತ್ಯದ ನೀರಿನ ನಡುವೆ ಹೊಸದೊಂದು ಸೋರಿಕೆ ಬಂದು ಸೇರಿಕೊಂಡರೆ ಅದನ್ನು ಬೇರೆ ಮಾಡಿ ಗುರುತಿಸುವುದು ಹೇಗೆ ಎಂಬುದೇ ಇಡೀ ವಿಷಯದ ಕಷ್ಟ.

ಆಳಸಮುದ್ರಕ್ಕೆ ಹೋಗುವ ಬೋಟು ವಾರ, ಹತ್ತು ದಿನ ನೀರಿನ ಮೇಲೇ ಇರುತ್ತದೆ. ರಾತ್ರಿ ಬಲೆ ಬಿಟ್ಟು ನಿಧಾನಕ್ಕೆ ಎಳೆಯುವ ಹೊತ್ತಿನಲ್ಲಿ ಕಲಾಸಿಗಳು ಒರಗಿರುತ್ತಾರೆ, ಚುಕ್ಕಾಣಿ ಹಿಡಿದವನೊಬ್ಬ ಎಚ್ಚರವಿರುತ್ತಾನೆ. ಕೆಳಗೆ ನೀರು ಏರುತ್ತಿದೆ ಎಂದು ಅವನಿಗೆ ಮೊದಲು ತಿಳಿಯುವುದು ಕಣ್ಣಿನಿಂದಲ್ಲ, ಕಾಲಿನಿಂದ. ಅಲೆಗೆ ಎಡಕ್ಕೆ ವಾಲಿದ ಬೋಟು ಎಂದಿನಷ್ಟು ಚುರುಕಾಗಿ ಮೇಲೇಳುವುದಿಲ್ಲ. ವಾಲಿದಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಬಲಕ್ಕೆ ಹೊರಳುತ್ತದೆ. ಹಿಂಬದಿ ಭಾರವಾದಂತೆ ಕೂರುತ್ತದೆ. ಬೋಟು ನಡೆಸುವ ಅನುಭವಿ ತಾಂಡೇಲರು ಮಲಗಿದ್ದಲ್ಲೇ ಈ ವ್ಯತ್ಯಾಸ ಹಿಡಿದು ಎದ್ದು ಕೂರುತ್ತಾರೆ.

ಇದಕ್ಕೆ ಕಾರಣ ನೀರಿನ ತೂಕಕ್ಕಿಂತ ಹೆಚ್ಚಾಗಿ ಅದರ ಓಡಾಟ. ಇಂಜಿನ್ ರೂಮಿನ ತಳ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ ಸಮತಟ್ಟಾಗಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಹತ್ತು ಸೆಂಟಿಮೀಟರ್, ಅಂದರೆ ಗೇಣಿಗಿಂತ ಕಡಿಮೆ ನೀರು ನಿಂತರೂ ಅದರ ಭಾರ ಒಂದೂಕಾಲು ಟನ್ನಿನ ಹತ್ತಿರ. ಅಷ್ಟೇ ತೂಕದ ಐಸು ಒಂದು ಕಡೆ ಕದಲದೆ ಇದ್ದರೆ ಬೋಟಿಗೆ ಅದು ಲೆಕ್ಕಕ್ಕಿಲ್ಲ. ನೀರು ಹಾಗೆ ಕೂರುವುದಿಲ್ಲ. ಬೋಟು ವಾಲಿದ ಕಡೆಗೇ ಓಡಿ, ವಾಲುವುದಕ್ಕೆ ಕೈಜೋಡಿಸುತ್ತದೆ. ಇದರ ಪರಿಣಾಮ ನೀರು ಹರಡಿದ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಅಗಲ ಇಮ್ಮಡಿಯಾದರೆ ಪರಿಣಾಮ ಎಂಟು ಪಟ್ಟು. ಅದೇ ಜಾಗವನ್ನು ನಡುವೆ ಉದ್ದಕ್ಕೆ ಅಡ್ಡಗೋಡೆ ಕಟ್ಟಿ ಎರಡು ಮಾಡಿದರೆ ಪರಿಣಾಮ ಕಾಲು ಭಾಗಕ್ಕೆ ಇಳಿಯುತ್ತದೆ. ಮೀನಿನ ಸ್ಟೋರೇಜನ್ನು ಹಲಗೆ ಇಟ್ಟು ಖಾನೆಗಳಾಗಿ ವಿಂಗಡಿಸುವುದರ ಹಿಂದೆಯೂ ಈ ಲೆಕ್ಕವಿದೆ. ಇಂಜಿನ್ ರೂಮಿನ ತಳಕ್ಕೆ ಅಂಥ ಅನುಕೂಲವಿಲ್ಲ.

ಕೆಳಗಿಳಿದವನು ಮೇಲಕ್ಕೆ ಕೂಗುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಅಣ್ಣಾ, ಬೆಲ್ಟ್ ತಿರುಗ್ತಾ ಇತ್ತ್, ನೀರ್ ಬತ್ತಿಲ್ಲೆ.’ ಮೇಲಿನಿಂದ ಬರಬೇಕಾದ ಸರಿಯಾದ ಉತ್ತರ ಪಂಪಿನ ಬಗ್ಗೆ ಅಲ್ಲ. ‘ಪಂಪ್ ಬಿಡ್, ನೀರ್ ಎಲ್ಲಿಂದ ಬತ್ತಿತ್ತ್ ಕಾಣ್.’ ಈ ಎರಡು ಮಾತಿನ ನಡುವಿನ ನಿಮಿಷಗಳಲ್ಲೇ ಬೋಟು ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ಸ್ಪ್ಯಾನರ್ ಹಿಡಿದು ಪಂಪಿನ ಮುಂದೆ ಕೂತುಬಿಟ್ಟರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಷ್ಟರಲ್ಲಿ ನೀರು ಸೋರುವ ಜಾಗವನ್ನೇ ಮುಳುಗಿಸಿಬಿಡುತ್ತದೆ. ಮುಳುಗಿದ ಮೇಲೆ ಅದನ್ನು ಹುಡುಕುವುದು ಕಪ್ಪು ಎಣ್ಣೆ ನೀರಿನಲ್ಲಿ ಕೈಯಾಡಿಸಿ ತಡಕಾಡುವ ಕೆಲಸ.

ಒಂದು ಲೆಕ್ಕ ನೋಡಿ. ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ಒಂದು ಇಂಚು ಅಗಲದ ತೂತಿದ್ದರೆ ನಿಮಿಷಕ್ಕೆ ಸುಮಾರು 75ರಿಂದ 80 ಲೀಟರ್ ನೀರು ಒಳಗೆ ಬರುತ್ತದೆ. ಗಂಟೆಗೆ ನಾಲ್ಕೂವರೆ ಟನ್ನಿಗೂ ಮೇಲಾಯಿತು. ತೂತು ಎರಡು ಇಂಚಾದರೆ ನಿಮಿಷಕ್ಕೆ 300 ಲೀಟರ್ ದಾಟುತ್ತದೆ, ಏಕೆಂದರೆ ಅಗಲ ಇಮ್ಮಡಿಯಾದಾಗ ತೂತಿನ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. 15 ಲೀಟರಿನ ಬಕೆಟ್ಟಿನಲ್ಲಿ ಇಬ್ಬರು ಕೆಳಗಿನಿಂದ ಮೇಲಕ್ಕೆ ಕೈಬದಲಿಸುತ್ತ ನಿಮಿಷಕ್ಕೆ ಐದು ಬಕೆಟ್ ಚೆಲ್ಲಿದರೆ 75 ಲೀಟರ್. ಅಂದರೆ ಒಂದಿಂಚಿನ ತೂತಿಗೂ ಇಬ್ಬರು ಗಟ್ಟಿ ಆಳುಗಳ ಬೆನ್ನಿಗೂ ಸರಿಸಮ. ಕಾದ ಇಂಜಿನ್ನಿನ ಪಕ್ಕ, ಜಾರುವ ನೆಲದಲ್ಲಿ ಎಷ್ಟು ಹೊತ್ತು ಮೊಗೆದಾರು? ಆ ತೂತಿಗೆ ಒಂದು ಬಟ್ಟೆಯ ಉಂಡೆ ತುರುಕಿ ಮುಕ್ಕಾಲು ಭಾಗ ನೀರು ತಡೆದರೆ ಅದೇ ಇಬ್ಬರು ಸಲೀಸಾಗಿ ನಿಭಾಯಿಸುತ್ತಾರೆ. ಮೊದಲು ತೂತು, ಆಮೇಲೆ ಪಂಪು ಎನ್ನುವುದಕ್ಕೆ ಇಷ್ಟು ಸಾಕು.

ಪಂಪಿನ ಮೈಮೇಲೆ ಬರೆದ ಅಂಕಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಗಂಟೆಗೆ 2000 ಗ್ಯಾಲನ್ ಎಂದು ಬರೆದಿದ್ದರೆ ನಿಮಿಷಕ್ಕೆ ಸುಮಾರು 125 ಲೀಟರ್ ಆಗಬೇಕು. ಅದು ನೀರನ್ನು ಮೇಲೆತ್ತುವ ಶ್ರಮವಿಲ್ಲದೆ, ಪೂರ್ತಿ ವೋಲ್ಟೇಜಿನಲ್ಲಿ ಅಳೆದ ಅಂಕಿ. ಬೋಟಿನ ತಳದಿಂದ ಎರಡು ಮೀಟರ್ ಮೇಲಿನ ಬಾಯಿಗೆ, ತಿರುವುಗಳಿರುವ ಪೈಪಿನಲ್ಲಿ, ಸಣ್ಣ ವಯರಿನಲ್ಲಿ ಬಂದ ಕರೆಂಟಿನಿಂದ ಎತ್ತುವಾಗ ಅದು ಅರ್ಧಕ್ಕಿಳಿದರೂ ಅಚ್ಚರಿಯಿಲ್ಲ. ಅಂಗಡಿಯಲ್ಲಿ ದೊಡ್ಡದೆಂದು ಕೊಂಡ ಪಂಪು ಬೋಟಿನಲ್ಲಿ ಒಂದಿಂಚಿನ ತೂತಿಗೇ ಸೋಲಬಹುದು.

ನೀರು ಏರುತ್ತ ಇಂಜಿನ್ನಿನ ಫ್ಲೈವೀಲಿಗೆ ತಾಗಿತೆಂದರೆ ಪರಿಸ್ಥಿತಿ ದಿಢೀರನೆ ಕೆಡುತ್ತದೆ. ತಿರುಗುವ ಚಕ್ರ ನೀರನ್ನು ಎತ್ತಿ ಇಡೀ ರೂಮಿಗೆ ಚಿಮ್ಮಿಸುತ್ತದೆ. ಬೆಲ್ಟು ಒದ್ದೆಯಾಗಿ ಜಾರುತ್ತದೆ, ಆಲ್ಟರ್ನೇಟರ್ ಒದ್ದೆಯಾಗುತ್ತದೆ, ಬ್ಯಾಟರಿಗೆ ಚಾರ್ಜ್ ನಿಲ್ಲುತ್ತದೆ. ಬ್ಯಾಟರಿಗಳನ್ನೇ ತಳದಲ್ಲಿಟ್ಟಿದ್ದರೆ ಉಪ್ಪುನೀರು ಅದರ ಆಸಿಡ್ಡಿಗೆ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಆಗ ಕೆಳಗೆ ಕೆಲಸ ಮಾಡುವವರ ಉಸಿರಿಗೇ ಅಪಾಯ. ಬ್ಯಾಟರಿಯನ್ನು ಎತ್ತರದ ಹಲಗೆಯ ಮೇಲೆ ಬಿಗಿದಿಡುವ ಖರ್ಚು ಬಹಳ ಸಣ್ಣದು. ಆ ಖರ್ಚು ಮಾಡದ ಬೋಟನ್ನು ಕಂಡಾಗ ಸಂಕಟವಾಗುತ್ತದೆ.

ಎಲ್ಲಿಂದ ಬರುತ್ತಿದೆ ನೀರು?

ಸೋರಿಕೆಯ ಮೂಲ ಹುಡುಕುವವರಿಗೆ ಒಂದು ಹಳೆಯ ಉಪಾಯವಿದೆ: ನೀರಿಗೆ ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುವುದು. ಉಪ್ಪಿದ್ದರೆ ಸಮುದ್ರ. ಸಪ್ಪೆ ಇದ್ದು ಮೀನಿನ ವಾಸನೆಯಿದ್ದರೆ ಸ್ಟೋರೇಜಿನ ಐಸು ಕರಗಿ ಅಡ್ಡಗೋಡೆಯ ಸಂದಿಯಲ್ಲಿ ಇಳಿಯುತ್ತಿದೆ. ಶುದ್ಧ ಸಪ್ಪೆಯಾದರೆ ಕುಡಿಯುವ ನೀರಿನ ಟ್ಯಾಂಕಿ ಒಡೆದಿರಬಹುದು. ಅರೆ ಗಳಿಗೆಯ ಈ ಪರೀಕ್ಷೆ ಅರ್ಧ ಬೋಟನ್ನು ಹುಡುಕಾಟದಿಂದ ಬಿಟ್ಟುಬಿಡುತ್ತದೆ.

ನಂತರ ಕೇಳಬೇಕಾದದ್ದು, ನೀರು ಯಾವಾಗ ಬರುತ್ತದೆ ಎಂದು. ಇಂಜಿನ್ ಓಡುವಾಗ ಮಾತ್ರ ಏರಿ, ನಿಲ್ಲಿಸಿದಾಗ ನಿಂತರೆ ತಣಿಸುವ ನೀರಿನ ಪೈಪು, ಕ್ಲಾಂಪು, ಸೈಲೆನ್ಸರಿನ ಸುತ್ತ ಹುಡುಕಬೇಕು, ಇಲ್ಲವೇ ಶಾಫ್ಟಿನ ಬುಡದಲ್ಲಿ. ದಕ್ಕೆಯಲ್ಲಿ ಸುಮ್ಮನೆ ಕಟ್ಟಿ ನಿಲ್ಲಿಸಿದ ರಾತ್ರಿಯೂ ಅಷ್ಟೇ ಏರಿದರೆ ತಳದ ಹಲಗೆಯೋ ಸಮುದ್ರದ ನೀರು ಒಳಗೆ ತರುವ ವಾಲ್ವೋ ಕಾರಣ. ಮೀನು ತುಂಬಿ ಬೋಟು ತಗ್ಗಿದಾಗ ಮಾತ್ರ ಬರುವ ನೀರು, ಖಾಲಿ ಬೋಟಿನಲ್ಲಿ ನೀರಿನ ಮೇಲಿರುವ ಹಲಗೆಗಳ ಸಂದಿಯದು. ಅಲೆ ಜೋರಾದಾಗ ಮಾತ್ರ ಬಂದರೆ ಡೆಕ್ಕು ಮತ್ತು ಬದಿ ಹಲಗೆ ಸೇರುವ ಕಡೆ ಕಣ್ಣು ಹಾಯಿಸಬೇಕು. ಇನ್ನೊಂದು ಬಗೆಯಿದೆ, ಅದು ಬಹಳ ಮೋಸದ್ದು. ಪಂಪಿನ ನೀರು ಹೊರಬೀಳುವ ಬಾಯಿ ತೀರಾ ತಗ್ಗಿನಲ್ಲಿದ್ದರೆ, ಬೋಟು ತಗ್ಗಿದಾಗ ಆ ಬಾಯಿ ಮುಳುಗಿ, ಪಂಪು ನಿಂತ ಮೇಲೆ ಅದೇ ಪೈಪಿನಲ್ಲಿ ಸಮುದ್ರ ಒಳಗೆ ಹರಿಯುತ್ತದೆ. ನೀರು ಚೆಲ್ಲಲು ಇಟ್ಟ ದಾರಿಯೇ ನೀರು ಬರುವ ದಾರಿಯಾಗುತ್ತದೆ. ಪೈಪನ್ನು ಡೆಕ್ಕಿನ ಅಡಿಯವರೆಗೆ ಎತ್ತಿ ಬಾಗಿಸಿ, ಆ ಬಾಗಿನ ನೆತ್ತಿಯಲ್ಲಿ ಗಾಳಿಗೆ ದಾರಿ ಕೊಟ್ಟು ಕೆಳಗಿಳಿಸಿದರೆ ಈ ತೊಂದರೆಯಿಲ್ಲ.

ಜಿನುಗುವ ಜಾಗ ಕಣ್ಣಿಗೆ ಬೀಳದಿದ್ದರೆ ದಕ್ಕೆಯಲ್ಲಿ ನಿಂತಾಗ ತಳವನ್ನು ಪೂರ್ತಿ ಬರಿದು ಮಾಡಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆ ತೆಗೆದು, ಸಂಶಯವಿರುವ ಕಡೆಗಳಲ್ಲಿ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಬೇಕು. ಕೆಲವೇ ನಿಮಿಷಗಳಲ್ಲಿ ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಮೂಡಿ ಕೆಳಗಿಳಿಯುತ್ತದೆ. ಗೆರೆಯ ತಲೆ ಎಲ್ಲಿದೆಯೋ ಅಲ್ಲಿ ಸೋರಿಕೆ. ನೀರು ನಿಂತ ಜಾಗಕ್ಕೂ ಬಂದ ಜಾಗಕ್ಕೂ ಹಲವು ಅಡಿ ದೂರವಿರಬಹುದು, ಅದು ಪಕ್ಕೆಲುಬಿನ ಮರಗಳ ಹಿಂದೆ ಹಿಂದೆಯೇ ಹರಿದು ಬರುತ್ತದೆ.

ಶಾಫ್ಟಿನ ಬುಡದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಂಶಯ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಇಂಜಿನ್ನಿನಿಂದ ಹೊರಟ ಶಾಫ್ಟು ಹಿಂಬದಿಯ ಮರದೊಳಗಿನ ಕೊಳವೆಯ ಮೂಲಕ ಹೊರಗಿನ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಹೋಗುತ್ತದೆ. ತಿರುಗುವ ಕಬ್ಬಿಣದ ಸುತ್ತ ನೀರು ಬಾರದಂತೆ ತಡೆಯುವುದು ಗ್ಲ್ಯಾಂಡ್. ಅದರೊಳಗೆ ಗ್ರೀಸ್ ಮೆತ್ತಿದ ಚೌಕ ಹಗ್ಗದ ಬಳೆಗಳನ್ನು ಒಂದರ ಹಿಂದೊಂದು ಕೂರಿಸಿ, ಎರಡು ಬೋಲ್ಟುಗಳಿಂದ ಒತ್ತಿರುತ್ತಾರೆ. ಬಳೆಗಳ ತುದಿಯನ್ನು ಓರೆಯಾಗಿ ಕತ್ತರಿಸಬೇಕು, ಒಂದರ ಜಾಯಿಂಟು ಮೇಲಿದ್ದರೆ ಮುಂದಿನದರ ಜಾಯಿಂಟು ಕೆಳಗಿರಬೇಕು. ಒಂದೇ ಸಾಲಿಗೆ ಬಂದರೆ ಅದೇ ನೀರಿಗೆ ಕಾಲುವೆ. ಇಂಜಿನ್ ಓಡುವಾಗ ಗ್ಲ್ಯಾಂಡಿನಿಂದ ಆಗಾಗ ಒಂದೊಂದು ಹನಿ ಬೀಳುವುದು ದೋಷವಲ್ಲ, ಆ ಹನಿಯೇ ಹಗ್ಗವನ್ನು ತಣ್ಣಗಿಡುತ್ತದೆ. ಅವಸರದ ಡ್ರೈವರ್ ಹನಿ ನಿಲ್ಲುವವರೆಗೂ ಬೋಲ್ಟು ಬಿಗಿಯುತ್ತಾನೆ. ಒಂದು ದಿನ ಒಣಗಿರುತ್ತದೆ. ಹಗ್ಗ ಕಾದು ಕರಕಾಗಿ ಗಟ್ಟಿಯಾಗುತ್ತದೆ, ಶಾಫ್ಟಿನ ಮೈಯಲ್ಲಿ ಗೀರು ಬೀಳುತ್ತದೆ. ಆಮೇಲೆ ಎಷ್ಟು ಹೊಸ ಹಗ್ಗ ತುಂಬಿದರೂ ಆ ಗೀರಿನಲ್ಲಿ ನೀರು ಬರುತ್ತಲೇ ಇರುತ್ತದೆ. ಕೈಯಿಟ್ಟು ನೋಡಿದಾಗ ಗ್ಲ್ಯಾಂಡ್ ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ತೆಗೆಯುವಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ. ಎರಡು ಬೋಲ್ಟನ್ನೂ ಸಮನಾಗಿ, ಒಂದೊಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಒಂದಷ್ಟು ಹೊತ್ತು ಓಡಿಸಿ ನೋಡಿ, ಮತ್ತೆ ಬೇಕಿದ್ದರೆ ಬಿಗಿಯಬೇಕು.

ಫ್ಯಾನಿಗೆ ಬಲೆ ಸಿಕ್ಕಿಕೊಂಡಾಗ ಇದೇ ಜಾಗಕ್ಕೆ ಪೆಟ್ಟು. ಸಮುದ್ರಕ್ಕೆ ಬಿಸಾಕಿದ ಹಳೆ ಬಲೆ, ನೈಲಾನ್ ಹಗ್ಗ ಫ್ಯಾನಿಗೆ ಸುತ್ತಿಕೊಂಡು ಶಾಫ್ಟನ್ನು ಹಿಂದಕ್ಕೆ ಎಳೆಯುತ್ತದೆ, ಕೆಲವೊಮ್ಮೆ ಬಾಗಿಸಿಯೇಬಿಡುತ್ತದೆ. ಮುಳುಗು ಹಾಕಿ ಬಲೆ ಕತ್ತರಿಸಿ ತೆಗೆದ ಮೇಲೆ ಬೋಟು ಓಡುತ್ತದೆ, ಎಲ್ಲರಿಗೂ ನಿರಾಳ. ಒಳಗೆ ಬಾಗಿದ ಶಾಫ್ಟು ತಿರುಗುವಾಗ ಗ್ಲ್ಯಾಂಡಿನ ಹಗ್ಗವನ್ನು ಎಡಕ್ಕೂ ಬಲಕ್ಕೂ ಒತ್ತಿ ಸಡಿಲ ಮಾಡುತ್ತಿರುತ್ತದೆ. ಕೊಳವೆ ಮರಕ್ಕೆ ಕೂತ ಜಾಗವೂ ಅದುರಿ ಬಿಡುತ್ತದೆ. ಬಲೆ ಸಿಕ್ಕಿದ ಮೇಲೆ ಮುಂದಿನ ಕೆಲವು ತಾಸು ಕೆಳಗೆ ಒಬ್ಬನನ್ನು ಟಾರ್ಚ್ ಕೊಟ್ಟು ಕೂರಿಸುವ ತಾಂಡೇಲ ನಿಜವಾದ ಕಸುಬುದಾರ.

ಪಂಪನ್ನು ಬಿಚ್ಚಿದಾಗ

ಸೋರಿಕೆ ಹತೋಟಿಗೆ ಬಂದ ಮೇಲೆ ಪಂಪಿನ ಸರದಿ. ಕೆಟ್ಟಿತೆಂದು ಬಿಸಾಕುವ ಬಿಲ್ಜ್ ಪಂಪುಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ, ಉಸಿರು ಕಟ್ಟಿರುತ್ತವೆ. ನೀರೆಳೆಯುವ ಬಾಯಿಯಲ್ಲಿ ಜಾಲರಿಯ ಡಬ್ಬಿಯೊಂದು ಇರುತ್ತದೆ. ಅದನ್ನು ಮೇಲೆತ್ತಿ ನೋಡಿದರೆ ಬೋಟಿನ ಒಂದು ತಿಂಗಳ ಬದುಕೇ ಅಲ್ಲಿ ಕೂಡಿಕೊಂಡಿರುತ್ತದೆ: ಮೀನಿನ ಹುರುಪೆ, ಬಲೆಯ ನೂಲಿನ ತುಂಡು, ಬೀಡಿಯ ಕಟ್ಟಿನ ಕಾಗದ, ಗುಟ್ಕಾದ ಪೊಟ್ಟಣ, ಥರ್ಮಾಕೋಲಿನ ಚೂರು, ಇಂಜಿನ್ ಒರೆಸಿದ ವೇಸ್ಟಿನ ಎಳೆ, ಎಲ್ಲವೂ ಗ್ರೀಸಿನಲ್ಲಿ ಹದವಾಗಿ ಕಲಸಿ ಹೆಪ್ಪುಗಟ್ಟಿದ ಕರಿ ಮುದ್ದೆ. ಅದನ್ನು ಕೆರೆದು ತೆಗೆದ ಕೂಡಲೇ ಪಂಪು ನೀರು ಎಳೆಯಲು ಶುರು ಮಾಡುವುದುಂಟು. ಜಾಲರಿಯೇ ಇಲ್ಲದೆ ಬರೀ ಪೈಪು ಇಳಿಬಿಟ್ಟಿದ್ದರೆ ಆ ಮುದ್ದೆ ಪಂಪಿನ ಹೊಟ್ಟೆಯೊಳಗೇ ಕೂತು ಇಂಪೆಲ್ಲರಿನ ರಬ್ಬರ್ ರೆಕ್ಕೆಗಳನ್ನು ಮುರಿದಿರುತ್ತದೆ.

ಜಾಲರಿ ಚೊಕ್ಕವಾಗಿದ್ದೂ ನೀರು ಬಾರದಿದ್ದರೆ ಗಾಳಿಯ ಮೇಲೆ ಸಂಶಯ ಪಡಬೇಕು. ಬೆಲ್ಟಿನಿಂದ ಓಡುವ ಪಂಪಿಗೆ ಎಳೆಯುವ ಪೈಪಿನಲ್ಲಿ ಸೂಜಿಮೊನೆಯಷ್ಟು ಸಂದಿಯಿದ್ದರೂ ಸಾಕು, ನೀರಿನ ಬದಲು ಗಾಳಿ ಎಳೆಯುತ್ತದೆ. ಹೊರಗೆ ನೀರು ಸೋರುವ ಪೈಪು ಕಣ್ಣಿಗೆ ಕಾಣುತ್ತದೆ. ಒಳಗೆ ಗಾಳಿ ಸೋರುವ ಪೈಪು ಕಾಣುವುದಿಲ್ಲ, ಹಾಗಾಗಿಯೇ ಗಂಟೆಗಟ್ಟಲೆ ತಲೆ ತಿನ್ನುತ್ತದೆ. ಕ್ಲಾಂಪುಗಳ ಮೇಲೆ ದಪ್ಪಗೆ ಗ್ರೀಸ್ ಮೆತ್ತಿ ನೋಡುವುದು ಸುಲಭದ ದಾರಿ. ಯಾವುದೋ ಒಂದಕ್ಕೆ ಮೆತ್ತಿದೊಡನೆ ಪಂಪು ಹಿಡಿದುಕೊಂಡರೆ ಅದೇ ಕಳ್ಳ. ತೋಟಕ್ಕೆ ನೀರು ಬಿಡುವ ಮೆತ್ತನೆ ಪೈಪನ್ನು ಎಳೆಯುವ ಕಡೆಗೆ ಹಾಕಿದ್ದರೆ ಅದು ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಆ ಕಡೆಗೆ ಒಳಗೆ ತಂತಿ ಸುತ್ತಿದ ಗಟ್ಟಿ ಪೈಪೇ ಆಗಬೇಕು.

ಕರೆಂಟಿನ ಪಂಪುಗಳ ಗೋಳು ಬೇರೆ. ಉಪ್ಪುಗಾಳಿ ತಾಮ್ರವನ್ನು ಬಿಡುವುದಿಲ್ಲ. ವಯರಿನ ಸಿಪ್ಪೆಯೊಳಗೆ ತಾಮ್ರದ ಎಳೆ ಮೊದಲು ಹಸಿರಾಗಿ, ಆಮೇಲೆ ಕಪ್ಪಾಗಿ ಪುಡಿಯಾಗುತ್ತದೆ. ಹೊರಗಿನಿಂದ ವಯರು ನೆಟ್ಟಗೆ ಕಾಣುತ್ತದೆ, ಟೆಸ್ಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ಪಂಪು ಹಾಕಿದ ಕೂಡಲೇ ವೋಲ್ಟೇಜು ಕುಸಿಯುತ್ತದೆ. ಹಾಗಾಗಿ ಅಳೆಯಬೇಕಾದದ್ದು ಪಂಪು ಓಡುವಾಗ, ಪಂಪಿನ ಬುಡದಲ್ಲಿ. ಜಾಯಿಂಟುಗಳನ್ನು ಬರೀ ತಿರುಚಿ ಟೇಪು ಸುತ್ತಿ ತಳದ ನೀರಿನಲ್ಲಿ ಬಿಟ್ಟಿರುವುದೇ ಅರ್ಧ ಸಮಸ್ಯೆಗೆ ಕಾರಣ. ನೀರು ಏರಿದಾಗ ತಾನಾಗಿ ಪಂಪು ಶುರುವಾಗಲೆಂದು ಇಡುವ ತೇಲುವ ಸ್ವಿಚ್ಚು ಕೂಡ ಎಣ್ಣೆ ಮಡ್ಡಿಯಲ್ಲಿ ಅಂಟಿಕೊಂಡು ಮೇಲೇಳುವುದನ್ನೇ ಮರೆಯುತ್ತದೆ. ವಾರಕ್ಕೊಮ್ಮೆ ಅದನ್ನು ಕೈಯಿಂದ ಎತ್ತಿ, ಪಂಪು ಸದ್ದು ಮಾಡಿತೇ, ಹೊರಗೆ ನೀರು ಬಿತ್ತೇ ಎಂದು ನೋಡಬೇಕು. ಸದ್ದು ಮಾಡುವ ಪಂಪೆಲ್ಲ ನೀರೆತ್ತುವ ಪಂಪಲ್ಲ.

ಇಲ್ಲೊಂದು ಹೆಣಿಗೆಯಿದೆ. ಸಿಪ್ಪೆ ಹರಿದ ವಯರು ತಳದ ಉಪ್ಪುನೀರಿನಲ್ಲಿ ಬಿದ್ದಿದ್ದರೆ ಅದರಿಂದ ಕರೆಂಟು ನೀರಿಗೆ ಸೋರುತ್ತದೆ. ಆ ಕರೆಂಟು ಬೋಟಿನ ತಳದ ಹಿತ್ತಾಳೆ, ಕಂಚಿನ ವಾಲ್ವುಗಳನ್ನು, ಕಬ್ಬಿಣದ ಬೋಟಾದರೆ ತಗಡನ್ನೇ ಬೇಗ ಬೇಗ ತಿನ್ನಿಸುತ್ತದೆ. ಅಂದರೆ ನೀರೆತ್ತಲು ಕೂರಿಸಿದ ಪಂಪಿನ ಕೆಟ್ಟ ವಯರಿಂಗೇ ಹೊಸ ತೂತು ಕೊರೆಯಬಲ್ಲದು. ಸೋರಿಕೆ ಬೇರೆ, ಪಂಪು ಬೇರೆ ಎಂದು ಎರಡು ಕೆಲಸವಾಗಿ ನೋಡುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು. ಕಬ್ಬಿಣದ ಬೋಟಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿದಿರುವುದು ಉಪ್ಪುನೀರು ಮೊದಲು ಅದನ್ನು ತಿನ್ನಲಿ, ತಗಡು ಉಳಿಯಲಿ ಎಂದು. ಸತು ಕರಗಿ ಹೋದ ಮೇಲೂ ಬದಲಿಸದಿದ್ದರೆ ಸರದಿ ತಗಡಿನದು.

ಮರ ಮತ್ತು ಮಳೆಗಾಲ

ನಮ್ಮ ಕರಾವಳಿಯಲ್ಲಿ ಬೋಟಿನ ಹಲಗೆಗೆ ಹೆಬ್ಬಲಸು ಹೆಸರಾದ ಮರ. ತಳದ ತೊಲೆಗೆ ಕಿರಾಲುಬೋಗಿಯಂಥ ಗಟ್ಟಿ ಮರ ಹುಡುಕುತ್ತಿದ್ದರು. ಹಲಗೆ ಹಲಗೆಯ ನಡುವೆ ಹತ್ತಿಯ ನೂಲನ್ನು ಉಳಿ ಸುತ್ತಿಗೆಯಲ್ಲಿ ಬಡಿದು ತುಂಬಿ, ಮೇಲೆ ರಾಳ, ಎಣ್ಣೆ ಕೂಡಿಸಿದ ಮೆತ್ತುಗೆ ಹಾಕುವುದು ಹಳೆಯ ಕ್ರಮ. ಬಂಗುಡೆ, ಬೂತಾಯಿ ಹೇರಳವಾಗಿದ್ದ ಕಾಲದಲ್ಲಿ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ದೋಣಿಯ ಮೈಗೆ ಬಳಿಯುತ್ತಿದ್ದರು. ಈಗ ಫೈಬರ್ ಹೊದಿಕೆ, ಎಪಾಕ್ಸಿ ಬಂದಿವೆ. ಹೊದಿಕೆ ಒಳ್ಳೆಯದೇ, ಆದರೆ ಅದರ ಅಡಿಯಲ್ಲಿ ಮರ ಕೊಳೆತರೆ ಹೊರಗಿನಿಂದ ಕಾಣುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಬಡಿದಾಗ ಗಟ್ಟಿ ಮರ ಠಣ್ಣೆನ್ನುತ್ತದೆ, ಕೊಳೆತದ್ದು ದಪ್ಪೆನ್ನುತ್ತದೆ. ಆ ಸದ್ದು ಗೊತ್ತಿರುವ ಹಳೆಯ ಆಚಾರಿಗಳು ಹಲಗೆ ಹಲಗೆಯನ್ನೂ ಬಡಿದು ನೋಡುತ್ತಾರೆ.

ಹಡಗುಹುಳು ಎನ್ನುವ ಜೀವಿಯದು ಇನ್ನೂ ಗುಟ್ಟಿನ ಕೆಲಸ. ಹೆಸರಿಗೆ ಹುಳುವಾದರೂ ಅದು ಮರುವಾಯಿ ಚಿಪ್ಪಿನ ಕುಲದ್ದು. ಮರಿಯಾಗಿದ್ದಾಗ ಗುಂಡುಸೂಜಿಯ ತಲೆಯಷ್ಟು ತೂತಿನಿಂದ ಮರದೊಳಗೆ ಹೊಕ್ಕು, ಒಳಗೇ ಬೆಳೆಯುತ್ತ ಬೆರಳ ದಪ್ಪದ ಸುರಂಗ ಕೊರೆಯುತ್ತದೆ. ಹೊರಮೈ ನುಣ್ಣಗಿರುತ್ತದೆ, ಒಳಗೆ ಹಲಗೆ ಪೊಳ್ಳು. ಒಂದು ದೊಡ್ಡ ಅಲೆ ಹೊಡೆದಾಗ ಅಷ್ಟು ಭಾಗವೇ ಒಳಗೆ ಕುಸಿಯುತ್ತದೆ. ಕೊಚ್ಚಿಯಲ್ಲಿ 1957ರಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂಥ ಕೊರೆಯುವ ಜೀವಿಗಳಿಂದ ಬೋಟಿನ ಮರವನ್ನು ಕಾಯುವ ಬಗ್ಗೆ ದಶಕಗಳಿಂದ ಕೆಲಸ ಮಾಡಿದೆ.

ನಿಷೇಧದ ಎರಡು ತಿಂಗಳು ಬೋಟನ್ನು ದಡಕ್ಕೆಳೆದು ಕೆಲಸ ಮಾಡಿಸಲು ಸಿಗುವ ಸಮಯ. ಅದರ ಜೊತೆಗೆ ಒಂದು ತೊಡಕೂ ಇದೆ. ಹೊದಿಕೆಯಿಲ್ಲದ ಮರದ ಬೋಟು ನೀರಿನಿಂದ ಮೇಲೆ ಬಹುಕಾಲ ಸೂರಿನಡಿ ನಿಂತರೆ ಹಲಗೆ ಒಣಗಿ ಕುಗ್ಗುತ್ತದೆ, ಸಂದಿ ಬಾಯಿ ಬಿಡುತ್ತದೆ. ನೀರಿಗಿಳಿಸಿದ ಮೊದಲ ದಿನಗಳಲ್ಲಿ ಸೋರುತ್ತದೆ, ಹಲಗೆ ನೀರು ಕುಡಿದು ಉಬ್ಬಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ಸಹಜ. ಅಪಾಯ ಇರುವುದು ಈ ಸಹಜದಲ್ಲೇ. ಋತುವಿನ ಮೊದಲಿಗೆ ಸ್ವಲ್ಪ ನೀರು ಬರುವುದು ಮಾಮೂಲು ಎಂದು ಬಿಟ್ಟದ್ದು ದೀಪಾವಳಿಯವರೆಗೂ ಮಾಮೂಲಾಗಿಯೇ ಉಳಿಯುತ್ತದೆ. ಉಬ್ಬಿ ಮುಚ್ಚಿಕೊಳ್ಳುವ ಸೋರಿಕೆ ದಿನದಿಂದ ದಿನಕ್ಕೆ ಇಳಿಯಬೇಕು. ಕೆಲವು ದಿನವಾದರೂ ಇಳಿಯದಿದ್ದರೆ ಅದು ಬೇರೆಯದೇ ಸೋರಿಕೆ.

ಇಳಿಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಪಂಪು ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಓಡಿತು ಎಂದು ಬರೆದಿಡುವುದೊಂದೇ ದಾರಿ. ಡೀಸೆಲ್ ಎಷ್ಟು ಖರ್ಚಾಯಿತು, ಯಾವ ಮೀನು ಎಷ್ಟು ಬುಟ್ಟಿ ಸಿಕ್ಕಿತು ಎಂಬುದನ್ನು ಪೈಸೆ ಬಿಡದೆ ಬರೆಯುವ ಪುಸ್ತಕದಲ್ಲೇ ಇದಕ್ಕೊಂದು ಸಾಲು ಸಾಕು. ನಿನ್ನೆ ಹತ್ತು ನಿಮಿಷ ಓಡಿದ ಪಂಪು ಇಂದು ಇಪ್ಪತ್ತೈದು ನಿಮಿಷ ಓಡಿದರೆ ಬೋಟು ದಡದತ್ತ ತಿರುಗಬೇಕು. ಲೆಕ್ಕ ಬರೆಯದ ಬೋಟಿನಲ್ಲಿ ಈ ಇಪ್ಪತ್ತೈದು ನಿಮಿಷ ಯಾರ ಗಮನಕ್ಕೂ ಬರುವುದಿಲ್ಲ.

ದಡ ಸೇರುವವರೆಗೆ

ನಡು ಸಮುದ್ರದಲ್ಲಿ ತೂತು ಕಂಡರೆ ಮುಚ್ಚಲು ಬೇಕಾದ ವಸ್ತುಗಳು ದುಬಾರಿಯವಲ್ಲ. ಮೆತ್ತನೆ ಮರದಲ್ಲಿ ಕೆತ್ತಿದ ನಾಲ್ಕೈದು ಅಳತೆಯ ಬೆಣೆಗಳು, ಹಳೆ ಕಂಬಳಿ, ಗ್ರೀಸ್, ರಬ್ಬರ್ ಶೀಟು, ಒಂದಷ್ಟು ಮೊಳೆ, ಒಂದು ಚೀಲ ಸಿಮೆಂಟು. ಬೆಣೆಗೆ ಗ್ರೀಸ್ ಮೆತ್ತಿದ ಬಟ್ಟೆ ಸುತ್ತಿ ಬಡಿದರೆ ದುಂಡನೆ ತೂತು ನಿಲ್ಲುತ್ತದೆ. ಹಲಗೆ ಸೀಳಿದ್ದರೆ ಒಳಗಿನಿಂದ ಕಂಬಳಿ ಒತ್ತಿ, ಮೇಲೆ ಹಲಗೆ ಇಟ್ಟು, ಎದುರಿನ ತೊಲೆಗೆ ಆನಿಸಿ ಊರುಗೋಲು ಕೊಟ್ಟು ಬಿಗಿಯಬೇಕು. ಹೊರಗಿನಿಂದ ತಾರ್ಪಾಲು ಎಳೆದು ತೂತಿನ ಮೇಲೆ ತಂದರೆ ಸಮುದ್ರದ ಒತ್ತಡವೇ ಅದನ್ನು ಅದುಮಿ ಹಿಡಿಯುತ್ತದೆ. ಹೊರಗಿನಿಂದ ಮಾಡಿದ ಅರೆಬರೆ ಮುಚ್ಚುವಿಕೆಯೂ ಒಳಗಿನ ಒಳ್ಳೆಯ ಮುಚ್ಚುವಿಕೆಗೆ ಸಮನಾಗುವುದು ಇದಕ್ಕೇ. ಸಿಮೆಂಟಿಗೆ ವಾಷಿಂಗ್ ಸೋಡ ಬೆರೆಸಿದರೆ ಬೇಗ ಗಟ್ಟಿಯಾಗುತ್ತದೆ.

ಪಂಪು ಕೈಕೊಟ್ಟಾಗ ಇಂಜಿನ್ ತಣಿಸುವ ಪಂಪನ್ನೇ ತಳದ ನೀರೆಳೆಯಲು ಹಚ್ಚುವ ದಾರಿಯೂ ಇದೆ. ಸಮುದ್ರದ ನೀರಿನ ವಾಲ್ವು ಮುಚ್ಚಿ ಅದರ ಎಳೆಯುವ ಪೈಪನ್ನು ತಳಕ್ಕೆ ಹೊರಳಿಸುವ ಜೋಡಣೆ ಮೊದಲೇ ಮಾಡಿಟ್ಟಿದ್ದರೆ ಒಂದು ಹಿಡಿ ತಿರುಗಿಸಿದರೆ ಸಾಕು. ಜಾಲರಿ ಮಾತ್ರ ಕಡ್ಡಾಯ. ಕಸ ಸಿಕ್ಕಿ ಇಂಜಿನ್ ಕಾದು ನಿಂತರೆ ಇದ್ದ ಒಂದು ಕೈಯೂ ಹೋಯಿತು.

ಸಹಾಯ ಕೇಳಲು ಸಂಕೋಚ ಪಡುವುದು ನಮ್ಮ ಕಡೆಯ ದೊಡ್ಡ ಕೊರತೆ. ಇನ್ನೂ ನೋಡುವ, ಪಂಪು ಹಿಡಿದುಕೊಂಡೀತು ಎನ್ನುತ್ತ ಬ್ಯಾಟರಿ ಮುಳುಗುವವರೆಗೆ ಕಾಯುವವರಿದ್ದಾರೆ. ಬ್ಯಾಟರಿ ಮುಳುಗಿದ ಮೇಲೆ ವೈರ್‌ಲೆಸ್ಸೂ ಇಲ್ಲ. ವಿಎಚ್‌ಎಫ್ ಚಾನೆಲ್ 16ರಲ್ಲಿ ಮೊದಲೇ ಹೇಳಿಟ್ಟರೆ ಸುತ್ತಲಿನ ಬೋಟುಗಳು ಹತ್ತಿರ ಬಂದು ನಿಲ್ಲುತ್ತವೆ. ಅಪಾಯ ತಪ್ಪಿದರೆ ಅವರು ತಮ್ಮ ಬಲೆಗೆ ಮರಳುತ್ತಾರೆ, ಯಾರೂ ಬೈಯುವುದಿಲ್ಲ. ಮೊಬೈಲ್ ಸಿಗ್ನಲ್ ಸಿಗುವ ದೂರದಲ್ಲಿದ್ದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಇವೆ. ಇಸ್ರೋ ರೂಪಿಸಿದ, 2010ರಿಂದ ಬಳಕೆಯಲ್ಲಿರುವ ಆಪತ್ತಿನ ಸಂದೇಶದ ಯಂತ್ರದಲ್ಲಿ ಬೋಟು ಮುಳುಗುತ್ತಿದೆ ಎಂದು ತಿಳಿಸಲು ಬೇರೆಯೇ ಗುಂಡಿಯಿದೆ. ಉಪಗ್ರಹದ ಮೂಲಕ ಹೋದ ಸಂದೇಶ ತಲುಪಿದೆ ಎಂಬ ಮರುಉತ್ತರ ಕೊಡುವುದು ಅದರ ಎರಡನೇ ತಲೆಮಾರಿನ ವಿಶೇಷ. ಕತ್ತಲಲ್ಲಿ ನೀರು ಮೊಗೆಯುತ್ತಿರುವವನಿಗೆ ಆ ಉತ್ತರ ಎಷ್ಟು ಧೈರ್ಯ ಕೊಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನೀರು ತುಂಬಿದ ಬೋಟಿಗೆ ಕೊನೆಯ ಪರೀಕ್ಷೆ ಅಳಿವೆ. ನದಿಯ ಸೆಳೆತವೂ ಸಮುದ್ರದ ಅಲೆಯೂ ಎದುರುಬದುರಾಗುವ, ಮರಳು ದಿಬ್ಬ ಜಾಗ ಬದಲಿಸುವ ಅಳಿವೆಯಲ್ಲಿ ಅಲೆ ಒಡೆದು ಬೀಳುತ್ತದೆ. ಹಿಂದಿನಿಂದ ಒಡೆದ ಅಲೆ ಎತ್ತಿದಾಗ ಒಳಗಿನ ನೀರೆಲ್ಲ ಮುಂಬದಿಗೆ ಓಡುತ್ತದೆ, ಬೋಟು ಅಡ್ಡ ತಿರುಗುತ್ತದೆ. ಮನೆಯ ದೀಪ ಕಾಣುವಷ್ಟು ಹತ್ತಿರ ಬಂದು ಮಗುಚುವುದು ಹೀಗೆ. ಆದ್ದರಿಂದ ಅಳಿವೆಯ ಹೊರಗೆ ನಿಂತು, ಬೇರೆ ಬೋಟಿನ ಪಂಪು ತರಿಸಿಕೊಂಡು ಒಳಗನ್ನು ಬರಿದು ಮಾಡಿ, ಭರತದ ಹೊತ್ತು ನೋಡಿ ಒಳಗೆ ಬರುವುದೇ ಸರಿ, ಎಷ್ಟೇ ಸುಸ್ತಾಗಿದ್ದರೂ.

ಕೆಳಗಿಳಿದು ಇಷ್ಟೆಲ್ಲ ಮಾಡುವವರು ಯಾರು? ಮಲ್ಪೆಯ ಬೋಟುಗಳಲ್ಲಿ ಉತ್ತರ ಕನ್ನಡದ ಹುಡುಗರ ಜೊತೆ ಆಂಧ್ರ, ಒಡಿಶಾದಿಂದ ಬಂದವರೂ ಇದ್ದಾರೆ. ಯಾವ ವಾಲ್ವು ಎಲ್ಲಿದೆ, ಕೈಪಂಪಿನ ಹಿಡಿ ಎಲ್ಲಿಟ್ಟಿದೆ ಎಂದು ಅವರ ಭಾಷೆಯಲ್ಲಿ, ಹಗಲಿನಲ್ಲಿ, ಕೈಹಿಡಿದು ತೋರಿಸಿದವರು ಯಾರೆಂದು ಪ್ರತಿ ಮಾಲೀಕರೂ ಕೇಳಿಕೊಳ್ಳಬೇಕು. ಬೋಟಿಗೆ ಜಿಪಿಎಸ್, ಮೀನು ಹುಡುಕುವ ಯಂತ್ರಗಳಿಗೆ ಲಕ್ಷಗಟ್ಟಲೆ ಸುರಿಯುವಾಗ, ನೀರು ಇಷ್ಟಕ್ಕೇರಿದರೆ ವೀಲ್‌ಹೌಸಿನಲ್ಲಿ ಗಂಟೆ ಹೊಡೆಯುವ ಒಂದು ಅಲಾರಂ ಕೂರಿಸದಿರುವುದಕ್ಕೆ ನನಗೆ ಯಾವ ಸಮಾಧಾನವೂ ಸಿಗುವುದಿಲ್ಲ. ಪಂಪಿನ ಸ್ವಿಚ್ಚಿಗಿಂತ ಒಂದು ಗೇಣು ಮೇಲೆ, ಬೇರೆ ವಯರಿನಲ್ಲಿ, ಬೇರೆ ಬ್ಯಾಟರಿಯಿಂದ ಓಡುವಂತೆ ಅದನ್ನಿಡಬೇಕು. ಪಂಪಿನ ಜೊತೆಗೇ ಸಾಯುವ ಅಲಾರಂ ಇದ್ದೂ ಇಲ್ಲದ ಹಾಗೆ.

ಹೊರಡುವ ಹಿಂದಿನ ಸಂಜೆ ದಕ್ಕೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ತಳಕ್ಕೆ ಹತ್ತು ಬಕೆಟ್ ನೀರು ಸುರಿದು, ತೇಲುವ ಸ್ವಿಚ್ಚು ತಾನಾಗಿ ಎದ್ದಿತೇ, ಪಂಪು ಎಷ್ಟು ನಿಮಿಷದಲ್ಲಿ ಬರಿದು ಮಾಡಿತು ಎಂದು ಗಡಿಯಾರ ಹಿಡಿದು ನೋಡುವುದು. ಆಮೇಲೆ ಆ ಪಂಪು ನಿಲ್ಲಿಸಿ, ಮತ್ತೆ ಸುರಿದು, ಬೆಲ್ಟಿನ ಪಂಪಿನಿಂದ. ಕೊನೆಗೆ ಕೈಪಂಪಿನಿಂದ. ಐಸು, ಡೀಸೆಲ್ ತುಂಬುವ ಮೊದಲು ಮಾಡಿದರೆ ಪ್ರಯೋಜನ ಅರ್ಧ. ಎಲ್ಲ ತುಂಬಿ ಬೋಟು ತಗ್ಗಿದ ಮೇಲೆ ಮಾಡಬೇಕು, ಮೇಲಿನ ಸಂದಿಗಳು ನೀರಿಗೆ ಸಿಗುವುದು ಆಗಲೇ. ಬರಿದಾದ ತಳಕ್ಕೆ ಟಾರ್ಚು ಬಿಟ್ಟು ಒಂದು ಗಂಟೆ ಕಾದು, ನೀರು ಎಷ್ಟು ಬೆರಳು ಏರಿತೆಂದು ಪುಸ್ತಕದಲ್ಲಿ ಬರೆದು ಹೊರಡಬೇಕು.